ಅಜ್ಜಂಪುರ ಸೀಮೆಯ ರಂಗಾಚಾರ

ಬೀರೂರಿನಿಂದ ಚಿಕ್ಕಜಾಜೂರಿನತ್ತ ಸಾಗುವ ರೈಲುಹಾದಿಯ ಮೇಲಿರುವ ಅಜ್ಜಂಪುರವನ್ನು ನಾಡಿನ ಜನ ಬಹುಮಟ್ಟಿಗೆ ಅಮೃತಮಹಲ್ ರಾಸುಗಳ ಹೆಸರಿನಿಂದಲೇ ಬಲ್ಲರು. ಸುಗ್ಗಿ ತೀರಿ ಕಣ ಬರಿದಾದ ಮೇಲೆ ಅಜ್ಜಂಪುರ, ತರೀಕೆರೆ, ಕಡೂರುಗಳ ಹಳ್ಳಿಗಳಲ್ಲಿ ಇರುಳೆಲ್ಲ ಕೇಳಿಬರುವ ನಾಟಕಗಳ ಹಾರ್ಮೋನಿಯಂ ನಾದವೂ ಈ ಸೀಮೆಗೆ ಅಷ್ಟೇ ಸಹಜವಾದುದು. ಹಗಲು ನೇಗಿಲು ಹಿಡಿದ ಕೈ ಇರುಳಿನಲ್ಲಿ ದುರ್ಯೋಧನನ ಗದೆಯನ್ನೆತ್ತುವ ಮುನ್ನ ಪಾಲಿಸಬೇಕಾದ ಆಚಾರಗಳನ್ನು ಅರಿತವರಿಗೇ ಈ ಕಲೆಯ ಘನತೆ ಪೂರ್ತಿಯಾಗಿ ತಿಳಿದೀತು.

ದೇವರಿಗೆ ಪೂಜೆ ಸಲ್ಲಿಸಿ, ನಾಟಕದ ಮೇಷ್ಟ್ರಿಗೆ ಫಲತಾಂಬೂಲವಿತ್ತು ಆರಂಭಿಸುವ ತಾಲೀಮು ತಿಂಗಳುಗಟ್ಟಲೆ ನಡೆಯುತ್ತದೆ. ಇಲ್ಲಿನ ಪಾತ್ರಧಾರಿ ಹಣ ಪಡೆಯುವವನಲ್ಲ, ತೆರುವವನು. ‘ಕುರುಕ್ಷೇತ್ರ’ದ ಕೃಷ್ಣ, ದುರ್ಯೋಧನರಿಗೆ ಹೆಚ್ಚು, ದೂತನಿಗೆ ಕಡಿಮೆ ಎಂದು ಗೊತ್ತುಮಾಡಿ ಕೂಡಿಸಿದ ಹಣದಿಂದಲೇ ಮೇಷ್ಟ್ರ ಸಂಭಾವನೆ, ಸೀನರಿಯ ಬಾಡಿಗೆ, ಪಟ್ಟಣದಿಂದ ಬರುವ ಸ್ತ್ರೀಪಾತ್ರಧಾರಿಣಿಯರ ಗೌರವಧನ ಎಲ್ಲವೂ ಸಲ್ಲಬೇಕು. ಓದುಬರಹವಿಲ್ಲದವರು ಕೂಡ ಮೇಷ್ಟ್ರ ಬಾಯಿಂದ ಕೇಳಿ ಕೇಳಿಯೇ ಕಂದ, ವೃತ್ತಗಳನ್ನು ಕಂಠಸ್ಥ ಮಾಡಿಕೊಂಡಿದ್ದಾರೆ.

ಪ್ರದರ್ಶನದ ಸಂಜೆ ಬಣ್ಣದ ಮನೆಯಲ್ಲಿ ಗಣಪತಿಯ ಪಟದ ಮುಂದೆ ಹಾರ್ಮೋನಿಯಂ, ತಬಲ, ಕಿರೀಟ, ಬಿಲ್ಲುಗಳನ್ನಿರಿಸಿ ಅರಿಸಿನ ಕುಂಕುಮವಿಟ್ಟು ಪೂಜಿಸುತ್ತಾರೆ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಮೇಷ್ಟ್ರ ಪಾದ ಮುಟ್ಟಿ ನಮಸ್ಕರಿಸಿದ ಮೇಲೆಯೇ ಮುಖಕ್ಕೆ ಬಣ್ಣ. ಮೂರನೆಯ ಗಂಟೆ ಬಾರಿಸಿ, ತೆಂಗಿನಕಾಯಿ ಒಡೆದು, ಎಲ್ಲರೂ ಕೈಮುಗಿದು ನಿಂತು ನಾಂದಿ ಹಾಡಿದ ಬಳಿಕ ತೆರೆ ಸರಿಯುತ್ತದೆ. ಮೊದಲ ಬಾರಿಗೆ ರಂಗವನ್ನು ಪ್ರವೇಶಿಸುವಾಗ ನಟನು ಬಾಗಿ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಬೆಳಗಿನ ಜಾವ ಮಂಗಳ ಹಾಡುವವರೆಗೂ ಆತನಿಗೆ ಆ ನೆಲ ದೇವಾಲಯದ ಗರ್ಭಗುಡಿ.

ಈ ಪದ್ಧತಿಗಳಲ್ಲಿ ಅನೇಕವು 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂತಹ ವೃತ್ತಿ ಮಂಡಲಿಗಳಿಂದ ಹಳ್ಳಿಗೆ ಇಳಿದುಬಂದವು. ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ‘ಶಿವಸಂಚಾರ’ವೆಂಬ ತಿರುಗಾಟದ ತಂಡವನ್ನೂ ಕಟ್ಟಿ, ಈ ರಂಗನಿಷ್ಠೆಗೆ ಬೇರೊಂದು ರೂಪವನ್ನಿತ್ತರು. ಅಲ್ಲಿ ಪಾತ್ರ ದೊರೆಯುವುದು ನಟನ ಯೋಗ್ಯತೆಯಿಂದ. ಅದಕ್ಕೆ ಹಣ ತೆರಬೇಕಾದುದಿಲ್ಲ.

ಹಳ್ಳಿಯ ರಂಗಭೂಮಿ ಕಲಿಯಬೇಕಾದುದು ಇದೊಂದನ್ನೇ. ತಾಲೀಮಿನ ಶಿಸ್ತು, ಗುರುವಿನಲ್ಲಿ ವಿನಯ, ರಂಗದ ಮೇಲಿನ ಭಕ್ತಿ, ಇವು ಉಳಿಯತಕ್ಕವು. ಇವುಗಳ ಬಲದಿಂದಲೇ ಒಕ್ಕಲಮಗನೊಬ್ಬ ಒಂದಿರುಳು ಸಾರ್ವಭೌಮನಾಗಬಲ್ಲ. ಆದರೆ ಹಣವುಳ್ಳವನಿಗೆ ಕಿರೀಟ, ಕಂಠವುಳ್ಳ ಬಡವನಿಗೆ ದೂತನ ವೇಷ ಎಂಬ ಸ್ಥಿತಿ ಕಲೆಗೆ ಶ್ರೇಯಸ್ಕರವಲ್ಲ. ಖರ್ಚನ್ನು ಊರೇ ಹೊತ್ತು, ಪಾತ್ರ ಹಂಚುವ ಅಧಿಕಾರವನ್ನು ಮೇಷ್ಟ್ರಿಗೇ ಬಿಟ್ಟುಕೊಡಬೇಕೆಂದು ಊರಿನ ಹಿರಿಯರಲ್ಲಿ ವಿನಂತಿಸುತ್ತೇನೆ.