ಬೀರಿನ ಬಾಟಲಿಯೂ ಐದು ರೂಪಾಯಿಯ ಚೀಟಿಯೂ

ಮುಂಬಯಿಯಲ್ಲಿ ‘ಪರ್ಮಿಟ್ ರೂಮ್’ ಎಂಬ ಫಲಕವನ್ನು ಕಾಣದ ಕನ್ನಡಿಗನಿಲ್ಲ. ಅಂಥ ಅನೇಕ ಕಡೆಗಳಲ್ಲಿ ಗಲ್ಲೆಯ ಮೇಲೆ ಕುಳಿತವರೂ ನಮ್ಮ ಕರಾವಳಿಯ ಬಂಧುಗಳೇ. ಆದರೆ ಆ ಪರ್ಮಿಟ್ ಯಾರದೆಂದು ಮೇಜು ಒರೆಸುವ ಹುಡುಗನನ್ನಾಗಲಿ, ಸಂಜೆ ಬಂದು ಕೂರುವ ಗುಮಾಸ್ತನನ್ನಾಗಲಿ ಕೇಳಿದರೆ, ಹೋಟೆಲಿನದೆಂದೇ ಬಹುಮಂದಿ ಹೇಳುವರು. ಮಾರುವವನ ಲೈಸೆನ್ಸು ಬೇರೆ. ಪರ್ಮಿಟ್ ಇರಬೇಕಾದುದು ಕುಡಿಯುವವನ ಕಿಸೆಯಲ್ಲಿ.

ಇದಕ್ಕೆ ಮೂಲ 1949ರ ಮುಂಬಯಿ ಪಾನನಿರೋಧ ಕಾಯ್ದೆ. ಮೊರಾರ್ಜಿ ದೇಸಾಯಿಯವರ ಕಾಲದಲ್ಲಿ ಅದು ಬಲು ಬಿಗಿಯಾಗಿತ್ತು. 1951ರಲ್ಲಿ ಬಲ್ಸಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೆಲವು ಕಲಮುಗಳನ್ನು ತೆಗೆದುಹಾಕಿತಾದರೂ ಕಾಯ್ದೆ ನಿಂತಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯ ಹಿರಿಯರಿಗೆ ಇದು ಅಪರಿಚಿತವಲ್ಲ. 1956ರವರೆಗೆ ಆ ಜಿಲ್ಲೆಗಳೂ ಮುಂಬಯಿ ರಾಜ್ಯಕ್ಕೆ ಸೇರಿದ್ದವಷ್ಟೆ. 1960ರಲ್ಲಿ ರಾಜ್ಯವು ಇಬ್ಭಾಗವಾದ ಮೇಲೆ ಗುಜರಾತು ನಿಷೇಧವನ್ನೇ ಹಿಡಿದು ನಿಂತಿತು. ಮಹಾರಾಷ್ಟ್ರವು ಕ್ರಮೇಣ ಬಾಗಿಲು ತೆರೆಯಿತು, ಆದರೆ ಕಾಯ್ದೆಯನ್ನು ರದ್ದುಪಡಿಸಲಿಲ್ಲ. ಆದುದರಿಂದ ಇಂದಿಗೂ ಬೀರು ಕೊಳ್ಳುವುದು, ಒಯ್ಯುವುದು, ಕುಡಿಯುವುದು, ಮೂರಕ್ಕೂ ಪರವಾನಗಿ ಬೇಕು. ಅದರಲ್ಲಿ ಆರೋಗ್ಯರಕ್ಷಣೆಗಾಗಿ ಕುಡಿಯಲು ಅನುಮತಿ ಎಂಬರ್ಥದ ಮಾತು ಉಳಿದುಬಂದಿರುವುದು ಹಳೆಯ ಕಾಲದ ವಿನೋದ. ವೈದ್ಯರ ಪ್ರಮಾಣಪತ್ರ ತಂದವನಿಗೆ ಮಾತ್ರ ಮದ್ಯ ಸಿಗುತ್ತಿದ್ದ ದಿನಗಳ ಪಳೆಯುಳಿಕೆ ಅದು.

ಒಂದು ದಿನದ ಚೀಟಿಗೆ ಬಹುಕಾಲದಿಂದ ನಡೆದುಬಂದ ಬೆಲೆ 5 ರೂಪಾಯಿ, ವರ್ಷಕ್ಕೆ 100, ಆಜೀವಕ್ಕೆ 1000. ಬೀರಿಗೆ 21 ವರ್ಷ ತುಂಬಿರಬೇಕು, ವಿಸ್ಕಿ-ರಮ್ಮುಗಳಿಗೆ 25. ಊರಿನಿಂದ ಹೊಸದಾಗಿ ಬಂದ ಹತ್ತೊಂಬತ್ತರ ಹುಡುಗನು ‘ಬೀರು ತಾನೆ’ ಎಂದು ಸಮಾಧಾನಪಟ್ಟುಕೊಂಡರೆ ಕಾಯ್ದೆ ಒಪ್ಪುವುದಿಲ್ಲ.

ಅಂಗಡಿಯವರು ಕೇಳುವುದಿಲ್ಲವಲ್ಲ ಎನ್ನಬಹುದು. ನಿಜ, ಬಹಳ ಕಡೆ ಕೇಳುವುದಿಲ್ಲ. ನನ್ನ ಮಟ್ಟಿಗೆ ಇದೇ ಅಪಾಯದ ಮೂಲ. ಕಾರಿನಲ್ಲಿ ಕ್ರೇಟು ಒಯ್ಯುವ ಶ್ರೀಮಂತನನ್ನು ತಡೆಯುವವರು ಕಡಿಮೆ. ರಾತ್ರಿ ಹನ್ನೆರಡಕ್ಕೆ ಪಾಳಿ ಮುಗಿಸಿ, ಕೈಚೀಲದಲ್ಲಿ ಒಂದು ಬಾಟಲಿ ಇಟ್ಟುಕೊಂಡು ಖೋಲಿಗೆ ನಡೆಯುವ ಸಪ್ಲೈಯರನೇ ಪೋಲೀಸರ ಕಣ್ಣಿಗೆ ಬೀಳುವವನು. ದಂಡ, ಸೆರೆಮನೆ ಎರಡನ್ನೂ ಕಾಯ್ದೆ ಹೇಳುತ್ತದೆ. ಅದರ ಹೆದರಿಕೆ ತೋರಿಸಿ ಕಿಸೆ ಖಾಲಿ ಮಾಡಿಸುವವರೂ ಇಲ್ಲದಿಲ್ಲ. ತಿಂಗಳ ಕೊನೆಗೆ ಮನೆಗೆ ಕಳುಹಿಸಬೇಕಾದ ಹಣ ಹಾಗೆ ಕರಗಬಾರದು.

ಕುಡಿಯಿರೆಂದು ಈ ಪತ್ರಿಕೆ ಯಾರಿಗೂ ಹೇಳದು. ಕೊಳ್ಳುವವರು ಮಾತ್ರ ಚೀಟಿಯನ್ನು ಕೇಳಿ ಪಡೆದು, ಖೋಲಿ ಸೇರುವವರೆಗೆ ಜೋಪಾನವಾಗಿಡಲಿ. ಆಗಾಗ ಕೊಳ್ಳುವವರು ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಭಾವಚಿತ್ರಗಳೊಡನೆ ರಾಜ್ಯ ಅಬಕಾರಿ ಇಲಾಖೆಗೆ ವರ್ಷದ ಪರವಾನಗಿಗೆ ಅರ್ಜಿ ಸಲ್ಲಿಸಬಹುದು. ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರಂದು ಅಂಗಡಿ ಮುಚ್ಚಿರುತ್ತದೆ. ಚುನಾವಣೆಯಲ್ಲಿ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆಯೂ ಹಾಗೆಯೇ. ಹಿಂದಿನ ದಿನವೇ ತಂದಿಡುವ ಜಾಣರ ಬಾಟಲಿಗೂ ಪರವಾನಗಿ ಬೇಕು.