ಹೊಸಬನ ಕೈಯಲ್ಲಿನ ಬಿಲ್ಲು

ನವೆಂಬರ್ ತಿಂಗಳ ಕೊನೆಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂಬತ್ತು ದಿನ ಜಿಂಕೆಯ ಕೋವಿ ಬೇಟೆಗೆ ಅನುಮತಿ ಇರುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ನಸುಕಿನಲ್ಲಿ ಅದು ಶುರುವಾಗುತ್ತದೆ. ಐದೂವರೆ ಲಕ್ಷಕ್ಕೂ ಹೆಚ್ಚು ಜನ ಪರವಾನಗಿ ಪಡೆದು, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡು ಸೇರುತ್ತಾರೆ. ಅಜ್ಜ ಕಟ್ಟಿಸಿದ ಮರದ ಮನೆಯಲ್ಲಿ ಮೂರು ತಲೆಮಾರಿನ ಗಂಡಸರು ಒಂದೇ ಒಲೆಯ ಸುತ್ತ ಮಲಗುತ್ತಾರೆ. ಕಾರ್ಖಾನೆಗಳು ರಜೆ ಕೊಡುತ್ತವೆ. ಊರಿಗೆ ಊರೇ ಅದೇ ಮಾತಿನಲ್ಲಿ ಮುಳುಗಿರುತ್ತದೆ.

ಈ ಗುಂಪಿಗೆ ಹೊರಗಿನಿಂದ ಬಂದವನೊಬ್ಬ ಇದ್ದಾನೆಂದುಕೊಳ್ಳಿ. ಅಪ್ಪ ಬೇಟೆಗಾರನಲ್ಲ, ಅಜ್ಜನೂ ಅಲ್ಲ. ಮೂವತ್ತು ದಾಟಿದ ಮೇಲೆ, ತಾನು ತಿನ್ನುವ ಮಾಂಸ ಎಲ್ಲಿಂದ ಬರುತ್ತದೆಂದು ತಿಳಿಯಬೇಕೆನಿಸಿ ಬಂದವನು. ಅವನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ರೈಫಲ್ ಕೊಳ್ಳಲಿ? ಈ ಪ್ರಶ್ನೆಗೆ ಸಿಗುವ ಉತ್ತರಗಳನ್ನು ಗಮನಿಸಿದರೆ ಇಡೀ ಸಮುದಾಯದ ಒಳಮನಸ್ಸು ಕಾಣುತ್ತದೆ. ಅಗ್ಗದ್ದನ್ನು ಹೆಸರಿಸಿದರೆ ಅದು ಆಟಿಕೆ. ದುಬಾರಿಯದನ್ನು ಹೆಸರಿಸಿದರೆ ದುಡ್ಡು ಸುರಿದು ಕಾಡನ್ನು ಕೊಳ್ಳಲು ಬಂದವನು. ಹೊಸ ತೋಟೆಯ ಹೆಸರು ಹೇಳಿದರೆ ಜಾಹೀರಾತು ನಂಬಿದವನು. ರೈಫಲ್ಲಿನ ಬಗ್ಗೆ ಕೇಳಿದವನಿಗೆ ತನ್ನ ಬಗ್ಗೆಯೇ ತೀರ್ಪು ಸಿಗುತ್ತದೆ.

ತೋಟೆಯ ಜಗಳ ಹಳೆಯದು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬೇಟೆ ಪತ್ರಿಕೆಗಳ ಓದುಗರನ್ನೆಲ್ಲ ಎರಡು ಪಾಳೆಯವಾಗಿಸಿದವರು ಇಬ್ಬರು ಬರಹಗಾರರು. 'ಔಟ್‌ಡೋರ್ ಲೈಫ್' ಪತ್ರಿಕೆಯ ಜ್ಯಾಕ್ ಒಕಾನರ್‌ಗೆ 1925ರಲ್ಲಿ ಬಂದ ಪಾಯಿಂಟ್ 270 ವಿಂಚೆಸ್ಟರ್ ಪ್ರಾಣ: ಹಗುರ ಗುಂಡು, ಹೆಚ್ಚು ವೇಗ. ಎಲ್ಮರ್ ಕೀತ್‌ಗೆ ದಪ್ಪ, ಭಾರದ ಗುಂಡೇ ಬೇಕು. ಇಬ್ಬರೂ ತೀರಿಕೊಂಡು ದಶಕಗಳಾದರೂ ಆ ವಾದ ತೀರಿಲ್ಲ. 2007ರಲ್ಲಿ ಹಾರ್ನಡಿ ಕಂಪನಿ 6.5 ಕ್ರೀಡ್‌ಮೂರ್ ಎಂಬ ತೋಟೆ ತಂದಾಗ ಅದು ಹೊಸಬರ ಕೈಗೆ ಬಲು ಬೇಗ ಹೋಯಿತು. ಭುಜಕ್ಕೆ ಒದೆತ ಕಡಿಮೆ, ಗುರಿ ಸಲೀಸು. ಆ ಕಾರಣಕ್ಕೇ ಹಳಬರು ಅದನ್ನು ನಗೆಗೀಡು ಮಾಡಿದರು. ಹೊಸಬನಿಗೆ ಸುಲಭವಾದದ್ದು ಹಳಬನ ಕಣ್ಣಿಗೆ ಹಗುರವಾಗಿ ಕಾಣುತ್ತದೆ.

ನಮಗೆ ಈ ಲೋಕ ಪೂರ್ತಿ ಅಪರಿಚಿತವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದೀಚೆ ಶಿಕಾರಿ ನಮ್ಮಲ್ಲಿ ಅಪರಾಧ, ಅದು ಹಾಗೇ ಇರಬೇಕು. ಆದರೆ ತೇಜಸ್ವಿಯವರ 'ಕಾಡಿನ ಕತೆಗಳು' ಓದಿದವರಿಗೆಲ್ಲ ಬೆಂಗಳೂರಿನ ಶಿಕಾರಿ ಕೆನೆತ್ ಆಂಡರ್ಸನ್ ಗೊತ್ತು. ಅವರ ಕೈಯಲ್ಲಿದ್ದದ್ದು ಪಾಯಿಂಟ್ 405 ವಿಂಚೆಸ್ಟರ್. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದದ್ದೂ ಅದೇ ಮಾದರಿಯನ್ನು. ಆಂಡರ್ಸನ್ ಹೆಚ್ಚಾಗಿ ಅದನ್ನೇ ದಶಕಗಳ ಕಾಲ ನೆಚ್ಚಿಕೊಂಡಿದ್ದರು. ಅವರ ಕತೆಗಳಲ್ಲಿ ಕೋವಿಗಿಂತ ಹೆಚ್ಚು ಜಾಗ ಪಡೆಯುವುದು ಹೆಜ್ಜೆ ಗುರುತು, ಗಾಳಿಯ ದಿಕ್ಕು, ಕಾಡಿನವರ ಮಾತು.

ಸಲಕರಣೆ ಮತ್ತು ಹೊಸಬ, ಈ ಎರಡೂ ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ಬಿಲ್ಲಿನ ಚರಿತ್ರೆಗಿಂತ ಒಳ್ಳೆಯ ಸಾಕ್ಷಿ ಇಲ್ಲ.

1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಪಟ್ಟಣದ ಅಂಚಿಗೆ ಹಸಿದು ಸೊರಗಿದ ಒಬ್ಬ ಮನುಷ್ಯ ಬಂದ. ಬಿಳಿಯರ ಹತ್ಯಾಕಾಂಡಗಳಿಗೆ ತುತ್ತಾದ ಯಾಹಿ ಜನರಲ್ಲಿ ಉಳಿದಿದ್ದವನು ಅವನೊಬ್ಬನೇ. ಮಾನವಶಾಸ್ತ್ರಜ್ಞರು ಅವನನ್ನು ಇಶಿ ಎಂದು ಕರೆದು ಸ್ಯಾನ್ ಫ್ರಾನ್ಸಿಸ್ಕೊದ ವಸ್ತುಸಂಗ್ರಹಾಲಯದಲ್ಲಿ ಇರಿಸಿಕೊಂಡರು. ಅಲ್ಲಿನ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಗೆಳೆತನ ಮಾಡಿ ಬಿಲ್ಲು ಕೆತ್ತುವುದು, ಬಾಣಕ್ಕೆ ಗರಿ ಕಟ್ಟುವುದು, ಸದ್ದಿಲ್ಲದೆ ನಡೆಯುವುದು ಎಲ್ಲವನ್ನೂ ಕಲಿತರು. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಪುಸ್ತಕ ಬರೆದರು. ಅಮೆರಿಕದ ಇಂದಿನ ಬಿಲ್ಲುಬೇಟೆ ಬಹುಮಟ್ಟಿಗೆ ಬೆಳೆದದ್ದು ಅಲ್ಲಿಂದ. ನೆಲದ ಮೂಲನಿವಾಸಿಯೊಬ್ಬ, ತನ್ನವರನ್ನೆಲ್ಲ ಕಳೆದುಕೊಂಡವನು, ಏನೂ ಗೊತ್ತಿಲ್ಲದ ಹೊಸಬನಿಗೆ ತನ್ನ ವಿದ್ಯೆಯನ್ನು ಧಾರೆ ಎರೆದ. ಈ ಸಮುದಾಯದ ಬುನಾದಿಯಲ್ಲಿ ಇಂಥ ಔದಾರ್ಯ ಇದೆ ಎಂಬುದನ್ನು ಬೇಟೆಗಾರರು ಇನ್ನಷ್ಟು ನೆನೆಯಬೇಕಿತ್ತು.

ಪೋಪ್ ಅವರ ಜೊತೆಗಾರ ಆರ್ಥರ್ ಯಂಗ್ ತೋರಿಸುತ್ತಿದ್ದ ಅಲಾಸ್ಕ ಬೇಟೆಯ ಚಲನಚಿತ್ರವನ್ನು 1920ರ ದಶಕದ ಕೊನೆಗೆ ಡೆಟ್ರಾಯ್ಟ್‌ನಲ್ಲಿ ನೋಡಿದ ಫ್ರೆಡ್ ಬೇರ್ ಎಂಬ ಯುವಕ ಮುಂದೆ ಬಿಲ್ಲಿನ ಕಾರ್ಖಾನೆಯನ್ನೇ ತೆರೆದ. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಎರಡು ಕೌಂಟಿಗಳಲ್ಲಿ ಬಿಲ್ಲಿಗೆಂದೇ ಜಿಂಕೆ ಬೇಟೆಯ ಕಾಲ ತೆರೆಯಿತು. ಕೋವಿಯವರು ಈ ಬಿಲ್ಲಿನವರನ್ನು ಮರುಳರೆಂದೇ ಬಗೆದರು. ಬಾಣ ಜಿಂಕೆಯನ್ನು ಗಾಯ ಮಾಡುತ್ತದೆಯೇ ಹೊರತು ಕೊಲ್ಲುವುದಿಲ್ಲ ಎಂಬ ತಕರಾರು ಬಹುಕಾಲ ಉಳಿಯಿತು.

ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಮರುಳರೇ ಸಂಪ್ರದಾಯದ ಕಾವಲುಗಾರರಾದರು. ಮಿಸೌರಿಯ ಹಾಲಿಸ್ ವಿಲ್ಬರ್ ಆಲೆನ್ ಎಂಬಾತ ಬಿಲ್ಲಿನ ಎರಡೂ ತುದಿ ಕೊಯ್ದು ರಾಟೆ ಜೋಡಿಸಿದ. 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, 1969ರಲ್ಲಿ ಅದು ಕೈಗೆ ಬಂತು. ಕಾಂಪೌಂಡ್ ಬಿಲ್ಲಿನ ಗುಟ್ಟು ಇಷ್ಟೇ: ಹೆದೆಯನ್ನು ಪೂರ್ತಿ ಎಳೆದಾಗ ರಾಟೆ ಭಾರವನ್ನು ಹೊತ್ತುಕೊಳ್ಳುತ್ತದೆ, ತೋಳು ನಡುಗದೆ ಗುರಿ ಹಿಡಿಯಬಹುದು. ಹಳೆಯ ಬಿಲ್ಲಿಗೆ ವರ್ಷಗಟ್ಟಲೆ ಪಳಗಬೇಕಿದ್ದ ಕೈ ಇಲ್ಲಿ ಒಂದು ಬೇಸಿಗೆಯಲ್ಲಿ ಸಿದ್ಧ. ಇದು ಬಿಲ್ಲೇ ಅಲ್ಲ, ಯಂತ್ರ ಎಂದು ಹಳಬರು ಸಿಡಿದರು. 1961ರಲ್ಲಿ ಸ್ಥಾಪನೆಯಾಗಿ ಬಿಲ್ಲುಬೇಟೆಯ ದಾಖಲೆ ಇಡುವ ಪೋಪ್ ಅಂಡ್ ಯಂಗ್ ಕ್ಲಬ್ ಬಹುಕಾಲ ಒಂದು ಗೆರೆ ಹಾಕಿತ್ತು. ಎಳೆತದ ಭಾರವನ್ನು ಶೇ 65ಕ್ಕಿಂತ ಹೆಚ್ಚು ಇಳಿಸುವ ಬಿಲ್ಲಿನಲ್ಲಿ ಹೊಡೆದ ಪ್ರಾಣಿಗೆ ದಾಖಲೆಯಲ್ಲಿ ಜಾಗ ಇರಲಿಲ್ಲ. ಆಮೇಲೆ ಹೆಸರಿನ ಪಕ್ಕ ನಕ್ಷತ್ರ ಗುರುತು ಹಾಕಿ ಒಳಗೆ ಬಿಟ್ಟುಕೊಂಡಿತು. ಇವತ್ತು ಕಾಂಪೌಂಡ್ ಬಿಲ್ಲೇ ಸಾಮಾನ್ಯ ಬಿಲ್ಲು.

ನಂತರ ಬಂದದ್ದು ಅಡ್ಡಬಿಲ್ಲು, ಕ್ರಾಸ್‌ಬೋ. ಕೋವಿಯ ಹಾಗೆ ಭುಜಕ್ಕೆ ಆನಿಸಿ ಕುದುರೆ ಎಳೆದರೆ ಬಾಣ ಹೋಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ಇದು ವಯಸ್ಸಾದವರಿಗೆ, ಅಂಗವಿಕಲರಿಗೆ ಮಾತ್ರ ಇತ್ತು. 2014ರಲ್ಲಿ ಎಲ್ಲರಿಗೂ ತೆರೆದಾಗ ಕೂಗೆದ್ದಿತು. ವಿರೋಧದ ಮುಂಚೂಣಿಯಲ್ಲಿದ್ದವರು ಕಾಂಪೌಂಡ್ ಬಿಲ್ಲಿನವರು. ಒಂದು ತಲೆಮಾರಿನ ಹಿಂದೆ ಯಾವ ಮಾತು ಕೇಳಿ ನೊಂದಿದ್ದರೋ ಅದೇ ಮಾತನ್ನು ಅವರು ಹೊಸಬರ ಮೇಲೆ ಎಸೆದರು. ಕೆಲವೇ ವರ್ಷಗಳಲ್ಲಿ ಆ ರಾಜ್ಯದಲ್ಲಿ ಅಡ್ಡಬಿಲ್ಲಿಗೆ ಬಿದ್ದ ಜಿಂಕೆಗಳ ಸಂಖ್ಯೆ ಮಿಕ್ಕ ಬಿಲ್ಲುಗಳಿಗೆ ಬಿದ್ದವನ್ನು ಮೀರಿತು. ಪೋಪ್ ಅಂಡ್ ಯಂಗ್ ಕ್ಲಬ್ ಮಾತ್ರ ಅದನ್ನು ಬಿಲ್ಲೆಂದು ಒಪ್ಪಿಲ್ಲ.

ಈ ಜಗಳಗಳ ಅಡಿಯಲ್ಲಿ ಹಣದ ಒಂದು ಹೊಳೆ ಹರಿಯುತ್ತಿದೆ. 1937ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್, ತೋಟೆಗಳ ತಯಾರಕರು ಅಬಕಾರಿ ತೆರಿಗೆ ಕಟ್ಟುತ್ತಾರೆ. ಇವತ್ತು ಅದು ಶೇ 11. 1970ರ ದಶಕದಲ್ಲಿ ಬಿಲ್ಲು ಬಾಣಗಳೂ ಸೇರಿದವು. ಆ ಹಣ ವನ್ಯಜೀವಿ ಕೆಲಸಕ್ಕೇ ಹೋಗಬೇಕು. ರಾಜ್ಯಗಳಿಗೆ ಹಂಚುವಾಗ ಅರ್ಧ ಲೆಕ್ಕ ರಾಜ್ಯದ ವಿಸ್ತೀರ್ಣದ ಮೇಲೆ, ಉಳಿದರ್ಧ ಆ ರಾಜ್ಯದಲ್ಲಿ ದುಡ್ಡು ಕೊಟ್ಟು ಪರವಾನಗಿ ಪಡೆದವರ ಸಂಖ್ಯೆಯ ಮೇಲೆ. ಒಬ್ಬ ಹೊಸಬ ಪರವಾನಗಿ ಕೊಂಡರೆ ಅವನು ಕೊಟ್ಟ ಶುಲ್ಕದ ಜೊತೆಗೆ ಒಕ್ಕೂಟ ಸರ್ಕಾರದ ಪಾಲೂ ಹಿಗ್ಗುತ್ತದೆ. ಶತಮಾನದ ಹಿಂದೆ ಅಳಿವಿನ ಅಂಚಿಗೆ ಬಂದಿದ್ದ ಬಿಳಿಬಾಲದ ಜಿಂಕೆ ಇಂದು ಸುಮಾರು 3 ಕೋಟಿ ಇದೆಯೆಂದರೆ ಅದರ ಹಿಂದೆ ಕಟ್ಟುನಿಟ್ಟಿನ ಕಾನೂನಿನ ಜೊತೆ ಈ ಹಣವೂ ಇದೆ.

ಈಗ ತೆರಿಗೆಯ ದೊಡ್ಡ ಪಾಲು ಬೇಟೆಯ ಗಂಧವೇ ಇಲ್ಲದ ಕೋವಿ ಖರೀದಿದಾರರಿಂದ ಬರುತ್ತಿದೆ, ನಿಜ. ಆದರೆ ಪರವಾನಗಿ ಕೊಳ್ಳುವವರು ಬೇಟೆಗಾರರೇ. 1980ರ ದಶಕದ ಆರಂಭದಲ್ಲಿ ಸುಮಾರು 1.7 ಕೋಟಿ ಇದ್ದ ಅವರ ಸಂಖ್ಯೆ ಒಂದೂವರೆ ಕೋಟಿಯ ಆಸುಪಾಸಿಗೆ ಇಳಿದಿದೆ; ಅಷ್ಟರಲ್ಲಿ ದೇಶದ ಜನಸಂಖ್ಯೆ ಹತ್ತು ಕೋಟಿ ಹೆಚ್ಚಿದೆ. ಇರುವವರಿಗೆ ವಯಸ್ಸಾಗುತ್ತಿದೆ. ಹೊಸ ಸಲಕರಣೆಯನ್ನೂ ಅದನ್ನು ಹಿಡಿದು ಬಂದ ಹೊಸಬನನ್ನೂ ಹೀಯಾಳಿಸುವ ಹಳಬ ತಾನು ನಿಂತ ಕಾಡಿನ ಖರ್ಚನ್ನು ಯಾರು ಹೊರುತ್ತಿದ್ದಾರೆಂದು ಯೋಚಿಸಿದರೆ ಒಳ್ಳೆಯದು.

ಹಾಗೆಂದು ಹಳಬರ ಆಕ್ಷೇಪವೆಲ್ಲ ಬರಿಯ ಒಣಜಂಬ ಎನ್ನಲಾರೆ. ಪ್ರಾಣಿಗೆ ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶ ಇರಬೇಕೆಂಬ ನಿಯಮವನ್ನು ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಇವತ್ತಿಗೂ ಎತ್ತಿಹಿಡಿಯುತ್ತದೆ. ತಾವೇ ಬಿಲ್ಲು ಹಿಡಿದು ಬೇಟೆಯಾಡುತ್ತಿದ್ದ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ 1949ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಕಾಡಿನ ಅರಿವು ಇರಬೇಕಾದ ಜಾಗವನ್ನು ಅಂಗಡಿಯ ಸಾಮಾನು ಆಕ್ರಮಿಸುತ್ತಿದೆ ಎಂದು ಮರುಗಿದ್ದರು. ಅರಿಜೋನಾದ ಮರುಭೂಮಿಯಲ್ಲಿ ನೀರಿನ ಹೊಂಡಗಳು ಕೆಲವೇ. ಪ್ರಾಣಿ ಬಂದೊಡನೆ ತಾವೇ ಚಿತ್ರ ತೆಗೆಯುವ ಕ್ಯಾಮೆರಾಗಳು ಒಂದೊಂದು ಹೊಂಡದ ಸುತ್ತ ಗುಂಪುಗುಂಪಾಗಿ ನೇತಾಡತೊಡಗಿದಾಗ ಅಲ್ಲಿನ ವನ್ಯಜೀವಿ ಆಯೋಗ 2022ರ ಜನವರಿಯಿಂದ ಬೇಟೆಗೆ ಅವುಗಳ ಬಳಕೆಯನ್ನು ನಿಷೇಧಿಸಿತು. ಪೆನ್ಸಿಲ್ವೇನಿಯ 1974ರಿಂದ ಚಳಿಗಾಲದಲ್ಲಿ ಒಂದಿಷ್ಟು ದಿನಗಳನ್ನು ಚಕಮಕಿ ಕಲ್ಲಿನ ಕೋವಿಗೆಂದೇ ಮೀಸಲಿಟ್ಟಿದೆ. ನಮ್ಮ ಮಲೆನಾಡಿನ ಕೇಪಿನ ಕೋವಿಗಿಂತಲೂ ಹಿಂದಿನದು ಅದು. ಐಡಾಹೊದಲ್ಲಿ 16 ಪೌಂಡಿಗಿಂತ ಭಾರದ ರೈಫಲ್ ಬೇಟೆಗೆ ಸಲ್ಲದು.

ಈ ನಿಯಮಗಳನ್ನು ನಾನು ಮೆಚ್ಚುತ್ತೇನೆ. ಅವು ಪ್ರಾಣಿಯ ಪರವಾಗಿ ಹಾಕಿದ ಗೆರೆಗಳು, ನಲವತ್ತು ವರ್ಷ ಪಳಗಿದವನಿಗೂ ನಿನ್ನೆ ಬಂದವನಿಗೂ ಒಂದೇ. ಡೇರೆಯ ಬೆಂಕಿಯ ಬಳಿ ಹಾಕುವ ಗೆರೆ ಹಾಗಲ್ಲ. ಅದು ಪ್ರಾಣಿಯನ್ನು ಕಾಯುವುದಿಲ್ಲ, ಎದುರಿಗಿರುವ ಮನುಷ್ಯನನ್ನು ಅಳೆಯುತ್ತದೆ.

ಬಟ್ಟೆಯನ್ನೇ ನೋಡಿ. ಹಿಂದೆ ಕೆಂಪು ಕಪ್ಪು ಚೌಕಳಿಯ ಉಣ್ಣೆ ಅಂಗಿ ಸಾಕಿತ್ತು. 1980ರ ದಶಕದಲ್ಲಿ ಮರದ ತೊಗಟೆ, ಎಲೆಗಳ ಚಿತ್ರ ಅಚ್ಚಾದ ಉಡುಪು ಬಂದು ಇಂದು ಅದೇ ದೊಡ್ಡ ವ್ಯಾಪಾರ. ಜಿಂಕೆಗೆ ಕಿತ್ತಳೆಯೂ ಕೆಂಪೂ ನಮಗೆ ಕಂಡಂತೆ ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ ಎಂದು ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಅಂದರೆ ಅಜ್ಜನ ಚೌಕಳಿ ಅಂಗಿ ಜಿಂಕೆಯ ಮಟ್ಟಿಗೆ ಕೆಟ್ಟದ್ದೇನಲ್ಲ. ಹೊಸಬ ಎಲೆಚಿತ್ರದ ಉಡುಪಿಗಾಗಿ ಸಾಲ ಮಾಡಬೇಕಾಗಿಲ್ಲ. 2016ರಲ್ಲಿ ವಿಸ್ಕಾನ್ಸಿನ್ ಕಿತ್ತಳೆಯ ಜೊತೆಗೆ ಹೊಳೆಯುವ ಗುಲಾಬಿ ಬಣ್ಣಕ್ಕೂ ಮಾನ್ಯತೆ ಕೊಟ್ಟಿತು, ಹೆಂಗಸರು ಬರಲಿ ಎಂದು. ಬೇಟೆಯಾಡುವ ಅನೇಕ ಹೆಂಗಸರು ಸಿಟ್ಟಾದರು: ನಮ್ಮನ್ನು ತಡೆದದ್ದು ಅಂಗಿಯ ಬಣ್ಣವಲ್ಲ ಎಂದರು. ಅದೇ ರಾಜ್ಯದ ಸ್ಟೀವನ್ಸ್ ಪಾಯಿಂಟ್‌ನಲ್ಲಿ ಪ್ರಾಧ್ಯಾಪಕಿ ಕ್ರಿಸ್ಟಿನ್ ಥಾಮಸ್ 1991ರಲ್ಲೇ ಹೆಂಗಸರಿಗೆ ಕಾಡಿನ ವಿದ್ಯೆ ಕಲಿಸುವ ಶಿಬಿರ ಶುರುಮಾಡಿದ್ದರು. ಸಲಕರಣೆ ಅಲ್ಲೇ ಕೊಡುತ್ತಿದ್ದರು, ಕಲಿಸುವವರು ಪಕ್ಕದಲ್ಲಿರುತ್ತಿದ್ದರು. ಆ ಶಿಬಿರ ಬಹುಬೇಗ ಬೇರೆ ರಾಜ್ಯಗಳಿಗೂ ಹಬ್ಬಿತು.

ಹೊಸಬನನ್ನು ದೂರ ಇಡುವ ಅಭ್ಯಾಸ ಎಲ್ಲಿಗೆ ಮುಟ್ಟಬಹುದೆಂಬುದನ್ನು ವಿಸ್ಕಾನ್ಸಿನ್ ನೋಡಿದೆ. ವಿಯೆಟ್ನಾಂ ಯುದ್ಧದ ನಂತರ ಲಾವೋಸಿನ ಬೆಟ್ಟಗಳಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್ ಜನ ಹುಟ್ಟು ಬೇಟೆಗಾರರು. ಆದರೆ ಖಾಸಗಿ ಜಮೀನಿನ ಬೇಲಿ, ಇಷ್ಟೇ ದಿನ ಎಂಬ ಕಾಲಮಿತಿ ಅವರಿಗೆ ಹೊಸದು. ಸ್ಥಳೀಯರ ಕಣ್ಣಿಗೆ ಅವರೇ ಹೊಸಬರು. 2004ರ ನವೆಂಬರ್‌ನಲ್ಲಿ ಇನ್ನೊಬ್ಬರ ಜಮೀನಿನ ಮರದ ಅಟ್ಟಣಿಗೆಯಲ್ಲಿ ಕೂತಿದ್ದ ಹ್ಮಾಂಗ್ ಬೇಟೆಗಾರನೊಬ್ಬನಿಗೂ ಜಮೀನಿನವರಿಗೂ ಮಾತು ಬೆಳೆದು, ಅವನ ಗುಂಡಿಗೆ ಆರು ಮಂದಿ ಸತ್ತರು. ಜನಾಂಗದ ಹೆಸರೆತ್ತಿ ಬೈದರೆಂದು ಅವನು ಹೇಳಿದ. ನ್ಯಾಯಾಲಯ ಅವನಿಗೆ ಜೀವಾವಧಿ ವಿಧಿಸಿತು. ಬೈಗುಳ ಕೊಲೆಗೆ ಸಮರ್ಥನೆಯಲ್ಲ. 2007ರ ಜನವರಿಯಲ್ಲಿ ಅದೇ ರಾಜ್ಯದ ಕಾಡಿನಲ್ಲಿ ಒಬ್ಬ ಬಿಳಿಯ ಬೇಟೆಗಾರ ಒಬ್ಬ ಹ್ಮಾಂಗ್ ಬೇಟೆಗಾರನನ್ನು ಕೊಂದ. ಇವುಗಳ ನಡುವೆಯೂ ಹ್ಮಾಂಗ್ ಭಾಷೆಯಲ್ಲಿ ಸುರಕ್ಷತೆಯ ತರಗತಿ ನಡೆಸಿದ ಶಿಕ್ಷಕರಿದ್ದರು. ಅವರ ಹೆಸರುಗಳು ಸುದ್ದಿಯಾಗಲಿಲ್ಲ.

ಎಲ್ಲ ಬದಲಾವಣೆಯೂ ಇಷ್ಟು ಕಹಿಯಲ್ಲ. ಪೆನ್ಸಿಲ್ವೇನಿಯದಲ್ಲಿ ಬೇಟೆಯ ಮೊದಲ ದಿನ ದಶಕಗಳ ಕಾಲ ಥ್ಯಾಂಕ್ಸ್‌ಗಿವಿಂಗ್ ನಂತರದ ಸೋಮವಾರವಾಗಿತ್ತು. 2019ರಲ್ಲಿ ಅದನ್ನು ಶನಿವಾರಕ್ಕೆ ತಂದರು, ಕೆಲಸಕ್ಕೆ ಹೋಗುವವರಿಗೆ, ಕಾಲೇಜಿನ ಹುಡುಗರಿಗೆ ಅನುಕೂಲವಾಗಲೆಂದು. ಭಾನುವಾರವೆಲ್ಲ ಡೇರೆಯಲ್ಲಿ ಕೂಡಿ ಉಣ್ಣುತ್ತಿದ್ದ ಹಳಬರಿಗೆ ಅದು ನಿಜವಾದ ನಷ್ಟ. ಅವರ ನೋವನ್ನು ತಳ್ಳಿಹಾಕಲಾರೆ, ಆದರೂ ಶನಿವಾರವೇ ಸರಿ.

ನನಗೆ ತುಂಬ ಹಿಡಿಸಿದ್ದು ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನ ಕೆಲಸ. 2016ರಲ್ಲಿ ಜಿಂಕೆ ಸಂರಕ್ಷಣಾ ಸಂಘವೊಂದರ ಕೆಲವರು ಅಲ್ಲಿನ ರೈತರ ಸಂತೆಯಲ್ಲಿ ಮೇಜು ಹಾಕಿ, ಬಂದವರಿಗೆ ಜಿಂಕೆ ಮಾಂಸದ ರುಚಿ ತೋರಿಸಿದರು. ಬೇಟೆಯ ಮನೆತನದಲ್ಲಿ ಹುಟ್ಟದ, ತರಕಾರಿ ಕೊಳ್ಳಲು ಚೀಲ ಹಿಡಿದು ಬಂದ ವಯಸ್ಕರೇ ಅವರ ಗುರಿ. ಆಸಕ್ತಿ ತೋರಿದವರಿಗೆ ಪ್ರಾಣಿಯ ಜೀವನಕ್ರಮದಿಂದ ಹಿಡಿದು ಮಾಂಸ ಹಸನು ಮಾಡುವ ತನಕ ಕಲಿಸಿ, ಅನುಭವಿಯೊಬ್ಬರ ಜೊತೆ ಕಾಡಿಗೆ ಕಳಿಸಿದರು. ಕೈಗೆ ಕೊಟ್ಟದ್ದು ಅಡ್ಡಬಿಲ್ಲು. ಅದು ಒಂದು ಮಧ್ಯಾಹ್ನದಲ್ಲಿ ಕೈಗೆ ಒಗ್ಗುತ್ತದೆ. ಉಳಿದ ದಿನಗಳೆಲ್ಲ ಗಾಳಿ, ಹೆಜ್ಜೆ, ಕಾಯುವಿಕೆಯನ್ನು ಕಲಿಯಲು ಸಿಗುತ್ತವೆ. 'ಫೀಲ್ಡ್ ಟು ಫೋರ್ಕ್' ಎಂಬ ಆ ಕಾರ್ಯಕ್ರಮ ಈಗ ಹಲವು ರಾಜ್ಯಗಳಲ್ಲಿ ನಡೆಯುತ್ತಿದೆ.