ಗಾಳಿಯೇ ಗಾಳಿಯನ್ನು ಎಳೆಯುವ ಪಂಪು

ಬಾವಿಗೋ ಮಲಗುಂಡಿಗೋ ಇಳಿದವರು ಉಸಿರುಕಟ್ಟಿ ಸತ್ತರು, ಎತ್ತಲು ಹೋದವರೂ ಸತ್ತರು ಎಂಬ ಸುದ್ದಿಯನ್ನು ನೀವು ಓದಿರುತ್ತೀರಿ. ಕೆಟ್ಟ ಗಾಳಿ ಕಣ್ಣಿಗೆ ಕಾಣಿಸೋದಿಲ್ಲ. ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ ಇದೆ, ನಿಜ. ಆದರೆ ಅದು ಹೆಚ್ಚಾದಾಗ ಮೂಗೇ ಮಂಕಾಗಿ ವಾಸನೆ ತಿಳಿಯೋದಿಲ್ಲ. ಆದ್ದರಿಂದ ಮನುಷ್ಯ ಇಳಿಯುವ ಮೊದಲು ಕೊಳವೆ ಇಳಿಸಿ, ಒಳಗಿನ ಗಾಳಿಯನ್ನು ಮೇಲಕ್ಕೆಳೆದು ಅನಿಲ ಮಾಪಕದಲ್ಲಿ ಪರೀಕ್ಷಿಸಬೇಕು.

ಎಳೆಯೋದು ಹೇಗೆ? ಮೋಟಾರ್ ಪಂಪು ಸಾಲದೇ ಅಂತ ಕೇಳಬಹುದು. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಸಾಮಾನ್ಯ ಮೋಟಾರಿನಲ್ಲಿ ಕಿಡಿ ಏಳಬಹುದು. ಕಿಡಿಯಿಂದ ಅಪಾಯವಾಗದಂತೆ ಮಾಡಿದ ವಿಶೇಷ ಪಂಪುಗಳಿವೆ. ಇನ್ನೊಂದು ದಾರಿ, ಮೋಟಾರೇ ಇಲ್ಲದ ಪಂಪು. ಅದರ ಹೆಸರು ಎಜೆಕ್ಟರ್.

ಮೊದಲು ಇದನ್ನು ಮಾಡಿ ನೋಡಿ. ಲೋಟದ ನೀರಿನಲ್ಲಿ ಒಂದು ಸ್ಟ್ರಾ ನೆಟ್ಟಗೆ ಹಿಡಿಯಿರಿ. ಅದರ ತುದಿ ನೀರಿಗಿಂತ ಸ್ವಲ್ಪವೇ ಮೇಲಿರಲಿ. ಇನ್ನೊಂದು ಸ್ಟ್ರಾವನ್ನು ಆ ತುದಿಯ ಹತ್ತಿರ ಅಡ್ಡಲಾಗಿ ಹಿಡಿದು ಜೋರಾಗಿ ಊದಿ. ನೀರು ಮೇಲೇರಿ ಹನಿಹನಿಯಾಗಿ ಸಿಡಿಯುತ್ತದೆ!

ಎಜೆಕ್ಟರಿನಲ್ಲೂ ಹೀಗೆಯೇ. ಕಂಪ್ರೆಸರಿನ ಗಾಳಿ ಸಣ್ಣ ರಂಧ್ರದಿಂದ ರಭಸವಾಗಿ ಚಿಮ್ಮುತ್ತದೆ. ಚಿಮ್ಮುತ್ತಾ ಸುತ್ತಲಿನ ಗಾಳಿಯನ್ನೂ ಜೊತೆಗೆ ಎಳೆದೊಯ್ಯುತ್ತದೆ. ಆಗ ಅಲ್ಲಿ ಒತ್ತಡ ಇಳಿಯುತ್ತದೆ. ಗುಂಡಿಯೊಳಗಿನ ಒತ್ತಡ ಅದಕ್ಕಿಂತ ಹೆಚ್ಚಿರುವುದರಿಂದ ಅಲ್ಲಿಯ ಗಾಳಿಯನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ನಾವು 'ಹೀರುವುದು' ಅನ್ನುವುದು ನಿಜವಾಗಿ ಈ ತಳ್ಳುವಿಕೆಯೇ. ಅಡುಗೆಮನೆಯ ಗ್ಯಾಸ್ ಒಲೆಯಲ್ಲೂ ಚಿಮ್ಮುವ ಅನಿಲವೇ ಬರ್ನರಿನ ಕೊಳವೆಯೊಳಗೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈ ಪಂಪಿನಲ್ಲಿ ತಿರುಗುವ ಭಾಗವಿಲ್ಲ, ಸವೆತವೂ ಕಡಿಮೆ. ಆದರೆ ಒತ್ತಡದ ಗಾಳಿ ಸದಾ ಬೇಕು.

ಈಗ ಒಂದು ಪ್ರಶ್ನೆ: ಮಾಪಕವನ್ನು ಎಜೆಕ್ಟರಿನ ಮೊದಲು ಇಡಬೇಕೋ, ಆಮೇಲೋ? ಮೊದಲೇ ಇಡಬೇಕು. ಎಜೆಕ್ಟರಿನೊಳಗೆ ಗುಂಡಿಯ ಗಾಳಿಗೆ ಕಂಪ್ರೆಸರಿನ ಗಾಳಿ ಬೆರೆಯುತ್ತದೆ. ಆಮೇಲೆ ಅಳೆದರೆ ವಿಷ ಇರುವುದಕ್ಕಿಂತ ಕಡಿಮೆ ಎಂದು ತೋರಿಸೀತು!

ಅವಸರವೂ ಕೂಡದು. 4 ಮಿಲಿಮೀಟರ್ ಒಳವ್ಯಾಸದ, 30 ಮೀಟರ್ ಉದ್ದದ ಕೊಳವೆಯಲ್ಲಿ ಸುಮಾರು 0.38 ಲೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ ಅರ್ಧ ಲೀಟರ್ ಎಳೆದರೆ ತಳದ ಗಾಳಿ ಮಾಪಕ ಮುಟ್ಟಲು ಸುಮಾರು 45 ಸೆಕೆಂಡ್ ಬೇಕು. ಅದಕ್ಕೂ ಮೊದಲು ಮಾಪಕ ತೋರಿಸುವುದು ಕೊಳವೆಯಲ್ಲಿದ್ದ ಹಳೆಯ ಗಾಳಿಯನ್ನು. ಲೆಕ್ಕ ನೀವೇ ಮಾಡಿ ನೋಡಿ.

ಯಾರಾದರೂ ಗುಂಡಿಯಲ್ಲಿ ಬಿದ್ದದ್ದು ಕಂಡರೆ ಹಿಂದೆಯೇ ಇಳಿಯಬೇಡಿ. ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ.